ಅತ್ತೆಯ ವಯಸ್ಸೂ ಕಂಡಕ್ಟರನ ಕಣ್ಣೂ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಗುಟ್ಟು ಅನ್ನುವ ಬೆಳೆ ಬರುವುದಿಲ್ಲ. ಕಬ್ಬು ಬರುತ್ತದೆ, ಭತ್ತ ಬರುತ್ತದೆ, ನಾಗಮಂಗಲದ ಕಡೆ ರಾಗಿಯೂ ತೆಂಗೂ ಬರುತ್ತವೆ. ಗುಟ್ಟಿಗೆ ಮಾತ್ರ ಈ ಮಣ್ಣು ಆಗಿಬಂದಿಲ್ಲ. ಪಾಂಡವಪುರದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ನೋಡಿ. ಚಿನಕುರಳಿ ಬರುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ನಿಮ್ಮ ಊರು, ಯಾರ ಮನೆಯವರು, ಎಷ್ಟು ಮಕ್ಕಳು, ಹಿರಿಯವನಿಗೆ ಹೆಣ್ಣು ಸಿಕ್ಕಿತೋ ಇಲ್ಲವೋ, ಸಿಗದಿದ್ದರೆ ತಪ್ಪು ಯಾರದು ಎಲ್ಲ ಗೊತ್ತಾಗಿರುತ್ತದೆ. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ನಿಮ್ಮ ಬಗ್ಗೆ ನಿಮಗೇ ಗೊತ್ತಿಲ್ಲದ ಎರಡು ವಿಷಯ ಆಕೆಗೆ ಗೊತ್ತಿರುತ್ತವೆ. ಶ್ರೀರಂಗಪಟ್ಟಣದವರು ಇದನ್ನೋದಿ ನಗಬೇಕಾಗಿಲ್ಲ. ಕೋಟೆಯೊಳಗಿನ ಗುಟ್ಟು ಹೊರಗೆ ಹೋದದ್ದಕ್ಕೆ 1799ರ ಮೇ 4ರಂದು ಟಿಪ್ಪುವಿಗೆ ಏನಾಯಿತೆಂದು ಅವರ ಊರಿನ ಗೈಡುಗಳೇ ದಿನಾ ಕಥೆ ಕಟ್ಟಿ ಹೇಳುತ್ತಾರೆ. ಗುಟ್ಟು ಬಿಟ್ಟುಕೊಟ್ಟನೆನ್ನುವ ಮೀರ್ ಸಾದಿಕನ ಹೆಸರು ಅಲ್ಲಿ ಇವತ್ತಿಗೂ ಬೈಗುಳ.

ಇಂಥ ಸೀಮೆಗೆ ನಮ್ಮ ಅಕ್ಕನ ಮಗ ಯುಗಾದಿಗೆ ಬೆಂಗಳೂರಿನಿಂದ ಬಂದ. ಒಬ್ಬಟ್ಟು ಮುರಿಯುತ್ತಾ ತಾನು ಮಾಡುವ ಕೆಲಸ ಏನೆಂದು ಮೊದಲ ಸಲ ಬಾಯಿಬಿಟ್ಟ. ಒಂದು ಮಾತು ನಿಜವೆಂದು ಎದುರಿನವನಿಗೆ ಖಾತ್ರಿ ಮಾಡಿಕೊಡಬೇಕಂತೆ. ಆದರೆ ‘ಅದು ನಿಜ’ ಅನ್ನುವುದೊಂದನ್ನು ಬಿಟ್ಟು ಬೇರೆ ಚೂರೂ ಅವನಿಗೆ ತಿಳಿಯಕೂಡದಂತೆ. ಜೀರೊ ನಾಲೆಡ್ಜ್ ಪ್ರೂಫ್ ಅಂತ ಅದರ ಹೆಸರು. ಪಂಕ್ತಿಯಲ್ಲಿ ಕೂತವರೆಲ್ಲ ಒಬ್ಬಟ್ಟು ಬಿಟ್ಟು ಅವನ ಮುಖ ನೋಡಿದರು. ಕಿಕ್ಕೇರಿ ಕಡೆಗೆ ಕೊಟ್ಟಿರುವ ನಮ್ಮ ಸೋದರತ್ತೆ ಮಾತ್ರ ವಿಷಯಕ್ಕೇ ಬಂದರು.

“ಅದ್ಕೂ ಸಂಬ್ಳ ಕೊಟ್ಟಾರೇನ್ಲಾ ಮಗ?”

“ಕೊಡ್ತಾರೆ ಅಜ್ಜಿ.”

“ಎಷ್ಟು?”

“ಸಾಲ ಮಾಡ್ದೆ ಬದುಕೋವಷ್ಟು.”

“ಅದೇ, ಎಷ್ಟು ಅಂತ ಯೋಳು.”

ಹುಡುಗ ನಕ್ಕ. “ಇದೇ ನೋಡಜ್ಜಿ ನನ್ ಕೆಲ್ಸ. ಸಂಬಳ ಸಾಕಾಗುತ್ತೆ ಅಂತ ನಿಂಗೆ ಖಾತ್ರಿ ಮಾಡ್ಬೇಕು. ಎಷ್ಟು ಅಂತ ಮಾತ್ರ ಹೇಳ್ಬಾರ್ದು.”

“ಎಷ್ಟು ಅಂತ ಯೋಳ್ದೆ, ಸಾಕಾಯ್ತದೆ ಅಂತ ನಾನ್ಯಾಕ್ಲಾ ನಂಬ್ಲಿ?”

ಅತ್ತೆ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ, ಚಾರ್ಲ್ಸ್ ರ‍್ಯಾಕಾಫ್ ಎಂಬ ಮೂವರು ಇದೇ ಪ್ರಶ್ನೆ ಇಟ್ಟುಕೊಂಡು ಬರೆದ ಪ್ರಬಂಧ 1985ರಲ್ಲಿ ಹೊರಬಂತು. ಅದಕ್ಕೆ ಮುಂಚೆ ಒಂದಕ್ಕಿಂತ ಹೆಚ್ಚು ಸಲ ಸಮ್ಮೇಳನದವರು ಅದನ್ನು ವಾಪಸ್ ಕಳಿಸಿದ್ದರು. ಅತ್ತೆಗೆ ಬಂದ ಅನುಮಾನವೇ ಅವರಿಗೂ ಬಂದಿರಬೇಕು. ಆಮೇಲೆ ಗೋಲ್ಡ್‌ವಾಸರ್ ಮತ್ತು ಮಿಕಾಲಿ ಇಬ್ಬರಿಗೂ 2012ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ಕಂಪ್ಯೂಟರ್ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಅತ್ತೆಗೆ ಈ ವಿದ್ಯೆಯ ಮೇಲೆ ಒಲವು ಹುಟ್ಟಿದ್ದು ಮಾತ್ರ ಗಣಿತದಿಂದಲ್ಲ, ಬಸ್ಸಿನಿಂದ. 2023ರ ಜೂನ್ 11ಕ್ಕೆ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಶುರುವಾಯಿತಲ್ಲ, ಅವತ್ತಿನಿಂದ ಅತ್ತೆ ಮನೆಯಲ್ಲಿ ನಿಂತದ್ದು ಕಡಿಮೆ. ಇವತ್ತು ಗಂಜಾಂನ ನಿಮಿಷಾಂಬ, ನಾಳೆ ಆದಿಚುಂಚನಗಿರಿ, ನಾಡಿದ್ದು ಮೇಲುಕೋಟೆ. ದೇವರಿಗೂ ಬೇಸರ ಬರಬೇಕು, ಹಾಗೆ ಓಡಾಡುತ್ತಾರೆ. ಶೂನ್ಯ ದರದ ಟಿಕೇಟು ಹರಿಯುವ ಮುಂಚೆ ಕಂಡಕ್ಟರಿಗೆ ತಿಳಿಯಬೇಕಾದದ್ದು ಎರಡೇ ಸಂಗತಿ. ಹತ್ತಿದವರು ಹೆಂಗಸು, ಮತ್ತು ಕರ್ನಾಟಕದವರು. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಉಳಿದದ್ದು ‘ಹೌದು’ ಇಲ್ಲವೇ ‘ಅಲ್ಲ’. ಈ ಒಂದು ಮಾತಿಗಾಗಿ ಅತ್ತೆ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ತೆಗೆದು ತೋರಿಸಬೇಕು. ಹೆಸರು, ಮಾವನವರ ಹೆಸರು, ಮನೆಯ ವಿಳಾಸ, 12 ಅಂಕಿ, ಭೂತ ಹಿಡಿದವರಂತೆ ಬಂದಿರುವ ಒಂದು ಫೋಟೊ, ಜೊತೆಗೆ ಹುಟ್ಟಿದ ದಿನ.

ಉಳಿದದ್ದಕ್ಕೆಲ್ಲ ಅತ್ತೆಯ ತಕರಾರಿಲ್ಲ. ವಿಳಾಸ ಹೇಗಿದ್ದರೂ ಇಡೀ ಬಸ್ಸಿಗೆ ಗೊತ್ತು. ತಕರಾರು ಕೊನೆಯದಕ್ಕೆ. ಒಂದು ದಿನ ಯಾವನೋ ಎಳೇ ಕಂಡಕ್ಟರು ಕಾರ್ಡು ನೋಡಿ, “ಎಪ್ಪತ್ತೆಂಟಾ ಅಜ್ಜಿ? ಗಟ್ಟಿ ಇದ್ದೀಯ ಬುಡು” ಅಂದುಬಿಟ್ಟ. ಹೊಗಳಿಕೆಯೇ. ಆದರೆ ಇಡೀ ಬಸ್ಸು ತಿರುಗಿ ನೋಡಿತು. ಅದರಲ್ಲಿ ಅತ್ತೆಯ ಓರಗಿತ್ತಿಯೂ ಇದ್ದರು. ಇಷ್ಟು ವರ್ಷ ಅತ್ತೆ ತಾನೇ ಚಿಕ್ಕವಳೆಂದು ಅವರನ್ನು ನಂಬಿಸಿಕೊಂಡು ಬಂದಿದ್ದರು. ಅವತ್ತಿನಿಂದ ಅತ್ತೆ ಹುಟ್ಟಿದ ದಿನದ ಮೇಲೆ ಹೆಬ್ಬೆಟ್ಟಿಟ್ಟು ಕಾರ್ಡು ತೋರಿಸುತ್ತಾರೆ. ಕಂಡಕ್ಟರು “ಬೆಟ್ ತೆಗಿ ಅಜ್ಜಿ” ಅನ್ನುತ್ತಾನೆ. ಅವನದೂ ತಪ್ಪಲ್ಲ. ಮುಚ್ಚಿದ ಕಾಗದವನ್ನು ನಂಬಿ ಟಿಕೇಟು ಹರಿದರೆ ನಾಳೆ ಚೆಕಿಂಗಿನವರು ಅವನ ಕಿವಿ ಹಿಂಡುತ್ತಾರೆ. ಅತ್ತೆಗೆ ಮುಚ್ಚಬೇಕು, ಅವನಿಗೆ ಖಾತ್ರಿಯಾಗಬೇಕು. ನಲವತ್ತು ವರ್ಷದಿಂದ ಗಣಿತದವರು ತಲೆ ಕೆಡಿಸಿಕೊಂಡಿರುವುದು ಈ ಹೆಬ್ಬೆಟ್ಟಿನ ಜಗಳದ ಮೇಲೆಯೇ.

(ವಯಸ್ಸಿನ ಮಾತು ಬಂತು ಅಂತ ನೆನಪಾಯಿತು. ಹರಟೆಗೂ ನಮ್ಮ ಸೀಮೆಗೂ ಹಳೇ ನೆಂಟಸ್ತನ. ಹರಟೆಗಾರ ಅ.ನ. ಮೂರ್ತಿರಾಯರು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು. 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದರು. ನೂರು ದಾಟಿದವರಿಗೆ ವಯಸ್ಸು ಮುಚ್ಚಿಡುವ ದರ್ದು ಇರುವುದಿಲ್ಲ. ಎಪ್ಪತ್ತೆಂಟರವರಿಗೆ ಇರುತ್ತದೆ.)

ಮುಚ್ಚಿಟ್ಟೇ ಖಾತ್ರಿ ಮಾಡುವುದು ಹೇಗೆಂದು ತೋರಿಸಲು, ಊಟ ಮುಗಿದ ಮೇಲೆ ಹುಡುಗ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ನಕ್ಷೆ ಬರೆದ. ಬಣ್ಣ ಮೂರೇ. ಗಡಿ ಮುಟ್ಟುವ ಇಬ್ಬರಿಗೆ ಒಂದೇ ಬಣ್ಣ ಕೊಡಬಾರದು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಮೂರೂ ಒಂದಕ್ಕೊಂದು ಮೈ ತಾಗಿಸಿಕೊಂಡಿವೆ, ಅಲ್ಲಿಗೆ ಮೂರು ಬಣ್ಣವೂ ಖರ್ಚಾಯಿತು. ಶ್ರೀರಂಗಪಟ್ಟಣ ನಾಗಮಂಗಲವನ್ನು ಮುಟ್ಟುವುದಿಲ್ಲ, ಹಾಗಾಗಿ ಅದಕ್ಕೂ ನಾಗಮಂಗಲದ ಬಣ್ಣವೇ. ಕಾವೇರಿ ಸುತ್ತಿಕೊಂಡ ಪಟ್ಟಣಕ್ಕೆ ಮಳೆ ನಂಬಿದ ಸೀಮೆಯ ಬಣ್ಣವಾ ಅಂತ ಪಟ್ಟಣದವರು ಮೂಗು ಮುರಿಯಬಹುದು. ಗಣಿತಕ್ಕೆ ಆ ಬಿಗುಮಾನ ಗೊತ್ತಾಗುವುದಿಲ್ಲ.

ನಾಲ್ಕು ತಾಲ್ಲೂಕೆಂದರೆ ಮಕ್ಕಳಾಟ. ತಾಲ್ಲೂಕು ಬಿಟ್ಟು ಊರೂರಿನ ಎಲ್ಲೆ ಹಾಕಿ ನೋಡಿ, ಆಗ ಮಜಾ ಶುರು. ಎಂಥ ನಕ್ಷೆಗಾದರೂ ನಾಲ್ಕು ಬಣ್ಣ ಸಾಕೆಂದು 1976ರಲ್ಲಿ ಕಂಪ್ಯೂಟರ್ ಹಚ್ಚಿ ಸಾಧಿಸಿದ್ದಾರೆ. ಮೂರೇ ಬಣ್ಣದಲ್ಲಿ ಮುಗಿಯುತ್ತದೆಯೇ ಅಂತ ಕೇಳಿದರೆ, ಬೇಗ ಕಂಡುಹಿಡಿಯುವ ದಾರಿ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಅಂಥದೊಂದು ಹಂಚಿಕೆ ತನಗೆ ಗೊತ್ತು ಅಂತ ಹುಡುಗ ಹೇಳುತ್ತಾನೆ. ತೋರಿಸು ಅಂದರೆ ತೋರಿಸುವುದಿಲ್ಲ.

ಏನು ಮಾಡುತ್ತಾನೆ ಅಂದರೆ, ಊರಿಗೊಂದರಂತೆ ಬಣ್ಣ ಹಚ್ಚಿ ಅದರ ಮೇಲೆ ಒಂದೊಂದು ತೆಂಗಿನ ಕರಟ ಬೋರಲು ಹಾಕುತ್ತಾನೆ. ಗಡಿ ಹಂಚಿಕೊಂಡ ಯಾವುದಾದರೂ ಎರಡು ಊರನ್ನು ನಾನು ಆರಿಸುತ್ತೇನೆ. ನಾನು, ಅವನಲ್ಲ. ಆ ಎರಡು ಕರಟ ಎತ್ತಿದರೆ ಕೆಳಗೆ ಎರಡು ಬೇರೆ ಬೇರೆ ಬಣ್ಣ ಇರಬೇಕು. ನೋಡಿಯಾಯಿತು. ನಾನು ಬೆನ್ನು ತಿರುಗಿಸುತ್ತೇನೆ. ಅವನು ಕೆಂಪಿದ್ದಲ್ಲೆಲ್ಲ ಹಸಿರು, ಹಸಿರಿದ್ದಲ್ಲೆಲ್ಲ ಹಳದಿ, ಹಳದಿಯಿದ್ದಲ್ಲೆಲ್ಲ ಕೆಂಪು ಹೀಗೆ ಮನಸ್ಸಿಗೆ ಬಂದಂತೆ ಅದಲುಬದಲು ಮಾಡಿ ಮತ್ತೆ ಕರಟ ಮುಚ್ಚುತ್ತಾನೆ. ನಾನು ಮತ್ತೆ ಎರಡು ಊರು ಆರಿಸುತ್ತೇನೆ.

ಅವನು ಸುಳ್ಳು ಹೇಳಿದ್ದರೆ ಎಲ್ಲೋ ಒಂದು ಗಡಿಯಲ್ಲಾದರೂ ಎರಡೂ ಕಡೆ ಒಂದೇ ಬಣ್ಣ ಕೂತಿರಲೇಬೇಕು. ನಕ್ಷೆಯಲ್ಲಿ 1,000 ಗಡಿಗಳಿದ್ದರೆ ಒಂದು ಸಲಕ್ಕೆ ಅವನು ಸಿಕ್ಕಿಬೀಳುವ ಸಂಭವ ಸಾವಿರಕ್ಕೆ ಒಂದು. 1,000 ಸಲ ಕರಟ ಎತ್ತಿದರೂ ಕಳ್ಳ ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ 37ರಷ್ಟು ಉಳಿದಿರುತ್ತದೆ. 10,000 ಸಲ ಎತ್ತಿದರೆ ಅದು ಹೆಚ್ಚುಕಡಿಮೆ 22,000ಕ್ಕೆ ಒಂದಕ್ಕೆ ಇಳಿಯುತ್ತದೆ. ಅಷ್ಟಾದ ಮೇಲೆ ನಾನು ನಂಬಲೇಬೇಕು, ನಂಬದಿದ್ದರೆ ಅದು ನನ್ನ ಹಟ.

ಇಷ್ಟೆಲ್ಲ ಎತ್ತಿದ ನನಗೆ ತಿಳಿದದ್ದಾದರೂ ಏನು? ಪ್ರತಿ ಸಲ ಎರಡು ಬೇರೆ ಬಣ್ಣ. ಅದೂ ಕಲಸಿದ ಬಣ್ಣ. ಅವನ ಜಗಲಿಗೆ ಹೋಗದೆ ನಾನೇ ಮನೆಯಲ್ಲಿ ಕಾಲು ಚಾಚಿ ಕೂತು ಬಾಯಿಗೆ ಬಂದಂತೆ ‘ಕೆಂಪು-ಹಸಿರು, ಹಳದಿ-ಕೆಂಪು’ ಅಂತ ಬರೆದುಕೊಂಡಿದ್ದರೂ ಅಂಥದೇ ಪಟ್ಟಿ ಸಿಗುತ್ತಿತ್ತು. ಈ ಶಾಸ್ತ್ರದ ಜೀವ ಇರುವುದು ಇಲ್ಲಿ: ಕಂಡದ್ದನ್ನೆಲ್ಲ ನೀನೇ ಕಲ್ಪಿಸಿಕೊಳ್ಳಬಹುದಾಗಿದ್ದರೆ, ನೀನು ಏನನ್ನೂ ಕಲಿತಿಲ್ಲ ಅಂತ ಅರ್ಥ. ಇದರಿಂದ ಇನ್ನೊಂದು ಫಜೀತಿಯೂ ಹುಟ್ಟುತ್ತದೆ. ನನಗೆ ಪೂರ್ತಿ ಖಾತ್ರಿಯಾದರೂ ನನ್ನ ಪಟ್ಟಿ ಹಿಡಿದು ಇನ್ನೊಬ್ಬನನ್ನು ನಂಬಿಸುವಂತಿಲ್ಲ. ಅವನು “ನೀನೇ ಬರ್ಕಂಡಿದ್ದೀಯ ಬುಡು” ಅನ್ನುತ್ತಾನೆ. ಕೇಳಿದ್ದನ್ನು ಮುಂದಿನವರಿಗೆ ದಾಟಿಸಲಾಗದ ಇಂಥ ವಿದ್ಯೆ ನಮ್ಮ ಅರಳಿಕಟ್ಟೆಗಳಿಗೆ ಬಂದರೆ ಹತ್ತು ದಿನದಲ್ಲಿ ಕಟ್ಟೆ ಬಿಕೋ ಅನ್ನುತ್ತದೆ.

ಬಣ್ಣದ ಆಟ ನನ್ನ ಅಳಿಯ ಕಟ್ಟಿದ್ದಲ್ಲ. 1986ರಲ್ಲಿ ಗೋಲ್ಡ್‌ರೈಕ್, ಮಿಕಾಲಿ, ವಿಗ್ಡರ್ಸನ್ ಮೂವರು ತೋರಿಸಿದ್ದು. ಪುರಾವೆ ಕೈಗೆ ಕೊಟ್ಟರೆ ಬೇಗ ಪರೀಕ್ಷಿಸಬಹುದಾದ ಯಾವ ಮಾತನ್ನೇ ಆಗಲಿ ಇಂಥ ಬಣ್ಣದ ಲೆಕ್ಕಕ್ಕೆ ಇಳಿಸಬಹುದು ಅನ್ನುವುದು ಅದರ ತಿರುಳು. ಅತ್ತೆಯ ಆಧಾರೂ ಅದರಲ್ಲಿ ಸೇರಿತು, ಹುಡುಗನ ಸಂಬಳವೂ ಸೇರಿತು.

ಇಷ್ಟು ಹೊತ್ತು ಸುಮ್ಮನಿದ್ದ ಅತ್ತೆ, “ಇದೇನ್ಲಾ ಹೊಸ್ದು? ನಮ್ ಚೆಲುವರಾಯನ ವೈರಮುಡೀನೂ ಇಂಗೇ ತಾನೆ ಬರಾದು?” ಅಂದರು. ಮಾತು ಸರಿಯಾಗಿಯೇ ಇತ್ತು. ವೈರಮುಡಿ ಅನ್ನುವ ವಜ್ರದ ಕಿರೀಟ ಇರುವುದು ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಬರುತ್ತದೆ. ಸ್ವಾಮಿಗೆ ತೊಡಿಸುವ ಮುಂಚೆ ಅದನ್ನು ಯಾರೂ ನೋಡುವಂತಿಲ್ಲ, ಪ್ರಧಾನ ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ತೊಡಿಸಬೇಕು ಅನ್ನುವುದು ಸಂಪ್ರದಾಯ. ಹುಡುಗ ತಲೆ ಕೆರೆದುಕೊಂಡು, “ಅಜ್ಜಿ, ಅದರಲ್ಲಿ ಮುಚ್ಚೋದೇನೋ ಇದೆ, ಪರೀಕ್ಷೆ ಇಲ್ವಲ್ಲ” ಅಂದ. “ಪರೀಕ್ಷೆ ಯಾಕ್ಲಾ? ದ್ಯಾವ್ರಿಗೆ ಪರೀಕ್ಷೆ ಮಾಡಕಾದದಾ?” ಅಂತ ಅತ್ತೆ ಗದರಿದರು. ಹುಡುಗ ಬಾಯಿ ಮುಚ್ಚಿದ. ಅಲ್ಲಿಗೆ ಇಬ್ಬರೂ ಗೆದ್ದಂತೆ. ಮುಚ್ಚಿಡುವುದು ಒಂದು ವಿದ್ಯೆ, ಮುಚ್ಚಿಟ್ಟೇ ಪರೀಕ್ಷೆಗೆ ನಿಲ್ಲುವುದು ಬೇರೆ ವಿದ್ಯೆ. ಭಕ್ತಿಗೆ ಮೊದಲನೆಯದು ಸಾಕು. ಬಸ್ಸಿಗೆ ಸಾಲದು.

ಆದರೆ 10,000 ಸಲ ಕರಟ ಎತ್ತುತ್ತಾ ಕೂತರೆ ಯುಗಾದಿ ಹೋಗಿ ಗೌರಿ ಹಬ್ಬ ಬರುತ್ತದೆ. ಸಾಲದ್ದಕ್ಕೆ ಇದು ಮುಖಾಮುಖಿ ಆಟ. ಕೇಳುವವನು ಬದಲಾದರೆ ಮತ್ತೆ ಮೊದಲಿನಿಂದ. ನಮ್ಮ ತಾಲ್ಲೂಕಿನ ತೊಣ್ಣೂರಿನಲ್ಲಿ ಒಂದು ಐತಿಹ್ಯ ಇದೆ. ವಾದಕ್ಕೆ ಬಂದ ಸಾವಿರ ಜನಕ್ಕೆ ರಾಮಾನುಜಾಚಾರ್ಯರು ತೆರೆಯ ಹಿಂದೆ ಕೂತು ಒಂದೇ ಹೊತ್ತಿಗೆ ಉತ್ತರ ಕೊಟ್ಟರಂತೆ, ತೆರೆಯ ಹಿಂದೆ ಇದ್ದದ್ದು ಸಾವಿರ ಹೆಡೆಯ ಆದಿಶೇಷನ ರೂಪವಂತೆ. ಫೋನಿಗೆ ಸಾವಿರ ಹೆಡೆ ಇಲ್ಲ. ಅದಕ್ಕೆ 1986ರಲ್ಲಿ ಫಿಯಟ್ ಮತ್ತು ಶಾಮಿರ್ ಬೇರೆ ದಾರಿ ಹುಡುಕಿದರು. ಪ್ರಶ್ನೆ ಕೇಳುವವನನ್ನೇ ಎಬ್ಬಿಸಿ ಕಳಿಸಿದರು. ಮುಚ್ಚಿಟ್ಟ ಕರಟಗಳನ್ನೆಲ್ಲ ಹ್ಯಾಶ್ ಅನ್ನುವ ಲೆಕ್ಕದ ಗಾಣಕ್ಕೆ ಹಾಕಿದರೆ, ಯಾವ ಯಾವ ಊರು ಎತ್ತಬೇಕೆಂಬ ಪಟ್ಟಿ ಅದರಿಂದಲೇ ಬೀಳುತ್ತದೆ. ಏನು ಬೀಳುತ್ತದೆಂದು ಮೊದಲೇ ಊಹಿಸುವಂತಿಲ್ಲ, ಹಾಗಾಗಿ ಮೋಸಕ್ಕೆ ಎಡೆಯಿಲ್ಲ. ಪುರಾವೆ ಒಂದು ಚೀಟಿಯಾಯಿತು. ಒಂದು ಸಲ ಬರೆದರೆ ಯಾರು ಬೇಕಾದರೂ ಪರೀಕ್ಷಿಸಬಹುದು. ಅರಳಿಕಟ್ಟೆಯೂ ಉಳಿಯಿತು ಅನ್ನಿ.

ಅಲ್ಲಿಂದ ಮುಂದಿನ ಮೂವತ್ತು ವರ್ಷದ ಕಥೆ ಚೀಟಿಯನ್ನು ಸಣ್ಣದು ಮಾಡುವ ಕಥೆ. ಅದನ್ನೆಲ್ಲ ಹೇಳಿದರೆ ನೀವು ಎದ್ದುಹೋಗುತ್ತೀರಿ. 2016ರಲ್ಲಿ ಯೆನ್ಸ್ ಗ್ರೋಥ್ ಎಂಬಾತ ಕಟ್ಟಿದ ಏರ್ಪಾಡಿನಲ್ಲಿ ಚೀಟಿ 128 ಬೈಟಿಗೆ ಇಳಿಯುತ್ತದೆ, ಅಷ್ಟು ತಿಳಿದರೆ ಸಾಕು. ಕನ್ನಡದ ಒಂದೊಂದು ಚಿಹ್ನೆಗೆ ಕಂಪ್ಯೂಟರು 3 ಬೈಟು ಹಿಡಿಯುತ್ತದೆ. ಅಂದರೆ ಹೆಚ್ಚೆಂದರೆ 42 ಚಿಹ್ನೆ. ಲಕ್ಷಗಟ್ಟಲೆ ಹೆಜ್ಜೆಗಳ ಲೆಕ್ಕಕ್ಕೆ ಪುರಾವೆ, ಈ ಹರಟೆಯ ಒಂದು ಸಾಲಿಗಿಂತ ಚಿಕ್ಕದು. ಪರೀಕ್ಷೆ ಮುಗಿಯಲು ಬೇಕಾದದ್ದು ಕೆಲವು ಮಿಲಿಸೆಕೆಂಡು.

ಹಾಗಾದರೆ ಕಷ್ಟವೆಲ್ಲ ಎಲ್ಲಿಗೆ ಹೋಯಿತು? ತಾಲ್ಲೂಕು ಕಚೇರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುರಾವೆ ಒದಗಿಸುವವನು ಬೆವರಬೇಕು, ನೋಡುವವನು ಕಣ್ಣಾಡಿಸಿ ಮುಂದಕ್ಕೆ ಅನ್ನಬೇಕು. ಜೀರೊ ನಾಲೆಡ್ಜ್‌ನಲ್ಲೂ ಅದೇ ನ್ಯಾಯ. ಚೀಟಿ ಓದುವವನಿಗೆ ಎಷ್ಟು ಸಲೀಸೋ ಬರೆಯುವವನಿಗೆ ಅಷ್ಟು ಹೆಣಗಾಟ. ಒಂದೇ ವ್ಯತ್ಯಾಸ ಅಂದರೆ ಇಲ್ಲಿ ಬೆವರುವುದು ನೀವಲ್ಲ, ನಿಮ್ಮ ಫೋನು. ಅದು ಬಿಸಿಯಾಗುತ್ತದೆ, ಬ್ಯಾಟರಿ ಕುಡಿಯುತ್ತದೆ, ಕೆಲವೊಮ್ಮೆ ನಡುದಾರಿಯಲ್ಲೇ ಕೈಚೆಲ್ಲುತ್ತದೆ. 2016ರ ಅಕ್ಟೋಬರಿನಲ್ಲಿ ಝಡ್‌ಕ್ಯಾಶ್ ಎಂಬ ಗುಟ್ಟಿನ ನಾಣ್ಯ ಹೊರಟಾಗ ಒಂದು ಪುರಾವೆ ಕಟ್ಟಲು ಒಳ್ಳೆಯ ಕಂಪ್ಯೂಟರಿಗೂ ಅರ್ಧ ನಿಮಿಷ ದಾಟುತ್ತಿತ್ತು, ಜಿಬಿಗಟ್ಟಲೆ ಮೆಮೊರಿ ಬೇಕಿತ್ತು. 2018ರ ಹೊತ್ತಿಗೆ ಅದು ಕೆಲವೇ ಸೆಕೆಂಡಿಗೂ ಸುಮಾರು 40 ಎಂಬಿಗೂ ಇಳಿಯಿತು. ಆಮೇಲೆ ತಾನೆ ಫೋನಿನ ಮಾತು.

ಅತ್ತೆಯ ಕಾರ್ಡಿಗೆ ಬರೋಣ. ಆಧಾರಿನ ಮೇಲಿರುವ ಕ್ಯೂಆರ್ ಕೋಡಿನಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ಫೋಟೊ ಎಲ್ಲ ಅಡಗಿದ್ದು, ಅದಕ್ಕೆ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿ ಬಿದ್ದಿರುತ್ತದೆ. ಆ ಸಹಿ ಅಸಲಿ ಅನ್ನುವುದನ್ನು ಫೋನಿನೊಳಗೇ ಲೆಕ್ಕ ಹಾಕಿ, ‘ಈ ಕಾರ್ಡಿನವರು ಹೆಂಗಸು, ರಾಜ್ಯ ಕರ್ನಾಟಕ’ ಅನ್ನುವಷ್ಟನ್ನು ಮಾತ್ರ ಹೊರಗೆ ಬಿಡುವ ತಂತ್ರಾಂಶ ಈಗಾಗಲೇ ಇದೆ. ಅನಾನ್ ಆಧಾರ್ ಅಂತ ಅದರ ಹೆಸರು. ಎಥೀರಿಯಂ ಪ್ರತಿಷ್ಠಾನದ ಗುಟ್ಟು ಕಾಯುವ ತಂಡದಿಂದ ಬಂದದ್ದು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ತೆರೆದ ಸಾಫ್ಟ್‌ವೇರು. ಲಿಂಗ, ರಾಜ್ಯ, ಪಿನ್‌ಕೋಡ್, 18 ತುಂಬಿದೆಯೋ ಇಲ್ಲವೋ ಈ ನಾಲ್ಕರಲ್ಲಿ ಬೇಕಾದ್ದನ್ನು ತೋರಿಸಬಹುದು, ಉಳಿದದ್ದು ಕರಟದ ಕೆಳಗೆ. ನಮ್ಮ ಸಾರಿಗೆ ನಿಗಮಕ್ಕಾಗಿ ಹೊಲಿಸಿದ ಅಂಗಿ ಇದ್ದ ಹಾಗಿದೆ. ಕೊಟ್ಟವರೂ ಇಲ್ಲ, ತೊಟ್ಟವರೂ ಇಲ್ಲ.

ಇದರೊಳಗಿನ ಬೆವರು ಎಲ್ಲಿ ಸುರಿಯುತ್ತದೆ ಗೊತ್ತೆ? ಸಹಿ ಹಾಕುವ ಮುಂಚೆ ವಿವರಗಳನ್ನೆಲ್ಲ ಶಾ-256 ಎಂಬ ಹ್ಯಾಶ್ ಗಾಣದಲ್ಲಿ ಅರೆದಿರುತ್ತಾರೆ. ಅದು ಕಂಪ್ಯೂಟರಿಗೆ ಕಡ್ಲೆಪುರಿ. ಪುರಾವೆಯ ಭಾಷೆಗೆ ಅದನ್ನು ಇಳಿಸಿದರೆ ಮಾತ್ರ 64 ಬೈಟಿನ ಒಂದು ತುತ್ತಿಗೆ ಸುಮಾರು 30,000 ಸಮೀಕರಣ ತಿನ್ನುತ್ತದೆ. ಆಧಾರಿನಲ್ಲಿ ಫೋಟೊ ಬೇರೆ ಇದೆ, ಇಂಥ ತುತ್ತು ಒಂದಲ್ಲ ಎರಡಲ್ಲ. ಪುರಾವೆಗಳಿಗೆಂದೇ ಹೆಣೆದ ಪೊಸೈಡನ್ ಎಂಬ ಹ್ಯಾಶು ಕೆಲವು ನೂರರಲ್ಲಿ ಮುಗಿಸುತ್ತದೆ. ಆದರೆ ಕೋಟಿಗಟ್ಟಲೆ ಕಾರ್ಡುಗಳನ್ನು ಶಾ-256ರಲ್ಲೇ ಅರೆದು ಸಹಿ ಹಾಕಿಯಾಗಿದೆ. ಅತ್ತೆಯ ಆ ಭೂತದ ಫೋಟೊವನ್ನು ಮುಚ್ಚಿಡಲಿಕ್ಕೇ ಅವರ ಫೋನು ಅಷ್ಟೊಂದು ಒದ್ದಾಡಬೇಕು ಅನ್ನುವುದು ನನಗೇಕೋ ನ್ಯಾಯವಾಗಿಯೇ ಕಾಣುತ್ತದೆ.

ಗ್ರೋಥ್ ಚೀಟಿ ಪುಟ್ಟದೇನೋ ಸರಿ, ಅದಕ್ಕೊಂದು ಮೈಲಿಗೆಯೂ ಉಂಟು. ಮೊದಲೇ ಒಂದು ಸಲ ಗುಟ್ಟಿನ ಅಂಕಿಗಳಿಂದ ಇಡೀ ಏರ್ಪಾಡನ್ನು ಎರಕ ಹೊಯ್ಯಬೇಕು, ಹೊಯ್ದ ಮೇಲೆ ಆ ಅಂಕಿಗಳನ್ನು ನಾಶ ಮಾಡಬೇಕು. ನಾಗಮಂಗಲದ ಎರಕದವರು ವಿಗ್ರಹ ಹೊಯ್ದ ಮೇಲೆ ಮಣ್ಣಿನ ಅಚ್ಚು ಒಡೆಯುವ ಹಾಗೆ. ಒಡೆಯದೆ ಯಾರಾದರೂ ಬಚ್ಚಿಟ್ಟುಕೊಂಡರೆ ಸುಳ್ಳು ಪುರಾವೆಗಳನ್ನು ಎಷ್ಟು ಬೇಕಾದರೂ ಹೊಯ್ಯಬಹುದು, ಯಾವ ಪರೀಕ್ಷೆಗೂ ಅವು ಸಿಗುವುದಿಲ್ಲ. ಝಡ್‌ಕ್ಯಾಶಿನವರು 2016ರಲ್ಲಿ ಆರು ಜನರನ್ನು ಬೇರೆ ಬೇರೆ ಕಡೆ ಕೂರಿಸಿ ಅಚ್ಚಿನ ಒಂದೊಂದು ಚೂರು ಮಾಡಿಸಿದರು. ಆರರಲ್ಲಿ ಒಬ್ಬ ಪ್ರಾಮಾಣಿಕನಿದ್ದರೂ ಅಚ್ಚು ಹೋದಂತೆಯೇ. ಆ ಆರರಲ್ಲೊಬ್ಬ ಸುಳ್ಳು ಹೆಸರಿಟ್ಟುಕೊಂಡ ಎಡ್ವರ್ಡ್ ಸ್ನೋಡೆನ್ ಅಂತ 2022ರಲ್ಲಿ ಬಯಲಾಯಿತು. ಅಮೆರಿಕದ ಗುಟ್ಟು ಬಿಟ್ಟವನನ್ನೇ ಗುಟ್ಟು ಕಾಯಲು ಕೂರಿಸಿದ್ದರು. ಈ ತಲೆನೋವೇ ಬೇಡ ಅಂದವರು 2018ರಲ್ಲಿ ಸ್ಟಾರ್ಕ್ ಅನ್ನುವ ಜಾತಿಯನ್ನು ತಂದರು. ಅಚ್ಚಿಲ್ಲ, ಒಡೆಯುವ ಗೋಜಿಲ್ಲ. ಆದರೆ ಚೀಟಿ ಹತ್ತಾರು ಸಾವಿರ ಬೈಟಿಗೆ ಊದಿಕೊಳ್ಳುತ್ತದೆ.

ಇವನ್ನೆಲ್ಲ ಕೇಳಿದ ಮೇಲೆ ನನಗನ್ನಿಸಿದ್ದನ್ನು ಹೇಳಿಬಿಡುತ್ತೇನೆ. ಪುರಾವೆ ಎಷ್ಟು ಸೆಕೆಂಡಿನಲ್ಲಿ ಕಟ್ಟಿತು, ಎಷ್ಟು ಮೆಮೊರಿ ತಿಂದಿತು ಅನ್ನುವುದನ್ನು ಬರೀ ಎಂಜಿನಿಯರುಗಳ ಲೆಕ್ಕ ಅಂತ ತಳ್ಳಿಹಾಕಬೇಡಿ. ಗುಟ್ಟು ಯಾರಿಗೆ ದಕ್ಕುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗುವುದು. ಲಕ್ಷ ರೂಪಾಯಿ ಫೋನಿಗೆ ಮಾತ್ರ ಎಟಕುವ ಪುರಾವೆಯಾದರೆ ಸಾಫ್ಟ್‌ವೇರಿನವರ ವಯಸ್ಸು ಗುಟ್ಟಾಗಿರುತ್ತದೆ, ಅತ್ತೆಯದು ಬಸ್ಸಿನಲ್ಲಿ ಹರಾಜಾಗುತ್ತದೆ. ಕೆ.ಆರ್. ಪೇಟೆ ಬಸ್ಸಿನಲ್ಲಿ ಐವತ್ತು ಜನ ಹೆಂಗಸರಿದ್ದಾರೆ ಅಂದುಕೊಳ್ಳಿ. ಅವರವರ ಫೋನು ಅವರವರ ಪಾಡಿಗೆ ಮುಂಚೆಯೇ ಅರ್ಧ ನಿಮಿಷ ಹೆಣಗಲಿ, ಪರವಾಗಿಲ್ಲ. ಐವತ್ತನ್ನೂ ಪರೀಕ್ಷಿಸಲು ಕಂಡಕ್ಟರನ ಯಂತ್ರಕ್ಕೆ ಕೆಲವೇ ಸೆಕೆಂಡು ಸಾಕು. ಆದರೆ ಅತ್ತೆಯ ಫೋನು ಅರ್ಧ ದಾರಿಯಲ್ಲಿ ಕೈಚೆಲ್ಲಿದರೆ ಮತ್ತೆ ಸೆರಗಿನ ಗಂಟೇ ಗತಿ.

ನಮ್ಮಲ್ಲಿ ಗುಟ್ಟಿನ ಬೆಲೆ ಗೊತ್ತಿದ್ದವರು ಇರಲಿಲ್ಲವೆಂದಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿದರಲ್ಲ, ಆ ತೀರ್ಪಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರಿನ ವಿರುದ್ಧ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಬೆಂಗಳೂರಿನದೇ ಇನ್ನೊಂದು ಕಥೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಕಂಡಕಂಡವರಿಗೆ ಆಧಾರಿನ ಜೆರಾಕ್ಸ್ ಕೊಡಬೇಡಿ, ದುರ್ಬಳಕೆ ಆಗಬಹುದು ಅಂತ ಪ್ರಕಟಣೆ ಹೊರಡಿಸಿತು. ಮೇ 29ಕ್ಕೆ ಕೇಂದ್ರ ಸರ್ಕಾರ, ಜನ ತಪ್ಪು ತಿಳಿಯಬಹುದು ಅಂತ ಅದನ್ನು ವಾಪಸ್ ತೆಗೆದುಕೊಂಡಿತು. ನಿಜ ಹೇಳಿದ ಸರ್ಕಾರಿ ಕಾಗದ ಎರಡು ದಿನ ಬದುಕಿತ್ತು. ಆ ಎರಡು ದಿನ ನಮ್ಮ ತಾಲ್ಲೂಕು ಕಚೇರಿಯ ಮುಂದಿನ ಜೆರಾಕ್ಸ್ ಅಂಗಡಿಯವನಿಗೆ ನಿದ್ದೆ ಬಂದಿರಲಾರದು.

ಈ ವಿದ್ಯೆ ಏನು ಮಾಡಲಾರದು ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಹುಡುಗನ ಕಂಪನಿಯ ಜಾಹೀರಾತಾಗುತ್ತದೆ. ಅತ್ತೆಯ ಪುರಾವೆಯ ಚೀಟಿಯನ್ನು ಓರಗಿತ್ತಿ ವಾಟ್ಸಾಪಿನಲ್ಲಿ ತರಿಸಿಕೊಂಡು ತೋರಿಸಿದರೆ? ಅದಕ್ಕೆ ಮದ್ದಿದೆ. ಕಂಡಕ್ಟರನ ಯಂತ್ರ ಪ್ರತಿ ಸಲ ಒಂದು ಹೊಸ ಅಂಕಿ ಕೊಡಬೇಕು, ಅದನ್ನು ಸೇರಿಸಿ ಕಟ್ಟಿದ ಪುರಾವೆಯಷ್ಟೇ ಸಲ್ಲುತ್ತದೆ. ಹಾಗೆ ಮಾಡಿದರೆ ಮುಂಚೆಯೇ ಕಟ್ಟಿಟ್ಟುಕೊಳ್ಳುವ ಅನುಕೂಲ ಅಷ್ಟು ಕಡಿಮೆಯಾಯಿತು. ಅತ್ತೆಯ ಫೋನನ್ನೇ ಓರಗಿತ್ತಿ ಇಸಿದುಕೊಂಡು ಬಸ್ಸು ಹತ್ತಿದರೆ? ಗಣಿತ ಕೈಕಟ್ಟಿ ನಿಲ್ಲುತ್ತದೆ, ಮತ್ತೆ ಮುಖ ನೋಡಬೇಕು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಅತ್ತೆಯ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ಅವರ ಓರಗಿತ್ತಿಯದೂ ಜನವರಿ 1. ಬೀದಿಯ ಅರ್ಧ ಹಿರಿಯರು ಜನವರಿ 1ಕ್ಕೇ ಹುಟ್ಟಿದ್ದಾರೆ. ದಿನ ಗೊತ್ತಿಲ್ಲದವರಿಗೆ ಕೂರಿಸಿದ ದಿನ ಅದು. ಜೀರೊ ನಾಲೆಡ್ಜ್ ಪುರಾವೆ ಕಾರ್ಡಿನ ಮೇಲಿರುವುದನ್ನು ನಿಖರವಾಗಿ ಸಾಧಿಸುತ್ತದೆ. ಕಾರ್ಡೇ ತಪ್ಪಿದ್ದರೆ ತಪ್ಪನ್ನೂ ಅಷ್ಟೇ ನಿಖರವಾಗಿ ಸಾಧಿಸುತ್ತದೆ.

“ಅಂಗಾರೆ ನನ್ ವಯಸ್ಸು ಎಪ್ಪತ್ತೆಂಟೇ ಅಂತ ಯಾರ್ಗೂ ಗೊತ್ತಿಲ್ಲ ಅನ್ನು,” ಅಂದರು ಅತ್ತೆ, ಮುಖ ಅರಳಿಸಿಕೊಂಡು.

“ಯಾರಿಗೂ ಇಲ್ಲ ಅಜ್ಜಿ.”

“ಅದ್ಕೆ ನಿನ್ ಮಿಸಿನ್ನು ಯಾಕ್ಲಾ ಬೇಕು?”

ಬೇಕು. ಅತ್ತೆಗಲ್ಲದಿದ್ದರೂ ನಿಮಗೆ ಬೇಕು, ಸಾಲಕ್ಕೆ, ಸಿಮ್ಮಿಗೆ, ಲಾಡ್ಜಿಗೆ, ಬಾಡಿಗೆ ಮನೆಗೆ ಅಂತ ವರ್ಷಕ್ಕೆ ಹತ್ತು ಕಡೆ ಇಡೀ ಕಾರ್ಡು ಬಿಚ್ಚಿಡುವವರಿಗೆ. ಅದು ನಮ್ಮ ಬಸ್ಸುಗಳ ತನಕ ಬರುವವರೆಗೆ ಒಂದು ಕೆಲಸ ಮಾಡಿ. ಪ್ರಾಧಿಕಾರದ ಜಾಲತಾಣದಲ್ಲಿ ಮಾಸ್ಕ್ಡ್ ಆಧಾರ್ ಅಂತ ಸಿಗುತ್ತದೆ, ದುಡ್ಡಿಲ್ಲ. ಅದರಲ್ಲಿ 12 ಅಂಕಿಯ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಜೆರಾಕ್ಸ್ ಕೇಳಿದವರಿಗೆ ಅದನ್ನು ಕೊಡಿ, ಮೇಲೆ ಯಾವ ಕೆಲಸಕ್ಕೆಂದು ಬರೆದು ಅಡ್ಡಗೆರೆ ಎಳೆಯಿರಿ. ವಯಸ್ಸು ಮಾತ್ರ ಅದರಲ್ಲೂ ಮುಚ್ಚುವುದಿಲ್ಲ. ಅದಕ್ಕೆ ಸದ್ಯಕ್ಕೆ ಹೆಬ್ಬೆಟ್ಟೇ.